ಫೋನ್ ತಿರುಗಿಸಿದರೆ ವಿಡಿಯೊ ಮೊದಲಿಂದ ಶುರು! ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಂಚಿಕೆಯಲ್ಲಿ, ಮೊಬೈಲ್ ಆ್ಯಪ್‌ಗಳು ವಿಡಿಯೊ ನಿಂತ ಜಾಗವನ್ನು ಯಾಕೆ ಮರೆಯುತ್ತವೆ ಎಂಬ ಪ್ರಶ್ನೆಗೆ ನಾಲ್ಕೇ ಸಾಲಿನ ಉತ್ತರ ಕೊಟ್ಟಿದ್ದೆವು. ಅದಾದ ಮೇಲೆ ಅದೇ ವಿಷಯಕ್ಕೆ ಸಾಲು ಸಾಲು ಪತ್ರ. ನೋಡುವವರದ್ದೂ ಇವೆ, ಆ್ಯಪ್ ಬರೆಯುವವರದ್ದೂ ಇವೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಇದೊಂದನ್ನೇ ಹಿಡಿದಿದ್ದೇವೆ. ಕೋಡ್ ಎಂದರೆ ಅಲರ್ಜಿ ಇರುವವರು ನಡುವಿನ ಕೆಲವು ಉತ್ತರಗಳನ್ನು ದಾಟಿ ಹೋಗಬಹುದು, ಬೇಜಾರಿಲ್ಲ.

ಪ್ರಶ್ನೆ: ರಾತ್ರಿಯಿಡೀ ನಡೆದ ಯಕ್ಷಗಾನದ ರೆಕಾರ್ಡಿಂಗ್‌ಗಳನ್ನು ನೋಡುತ್ತೇನೆ. ಒಂದೊಂದು ಏಳೆಂಟು ಗಂಟೆ. ಒಂದು ಆ್ಯಪ್‌ನಲ್ಲಿ ಫೋನ್ ಅಡ್ಡ ಹಿಡಿದರೆ ಸಾಕು, ಮತ್ತೆ ಆಟದ ಶುರುವಿನ ಬಾಲಗೋಪಾಲ ವೇಷದಿಂದ ಶುರುವಾಗುತ್ತದೆ. ನನ್ನ ಫೋನೇ ಸರಿಯಿಲ್ವಾ? (ಕುಂದಾಪುರದ ಓದುಗರು)

ಫೋನ್ ಸರಿಯಾಗಿಯೇ ಇದೆ. ತಪ್ಪು ಆ್ಯಪ್‌ನದ್ದು.

ಆಂಡ್ರಾಯ್ಡ್‌ನಲ್ಲಿ ಫೋನ್ ತಿರುಗಿಸಿದ ತಕ್ಷಣ ವ್ಯವಸ್ಥೆ ಆ ಸ್ಕ್ರೀನನ್ನು ಪೂರ್ತಿ ಕೆಡವಿ ಹೊಸದಾಗಿ ಕಟ್ಟುತ್ತದೆ. ಅಡ್ಡ ಹಿಡಿದಾಗ ಬೇರೆ ವಿನ್ಯಾಸ ಬೇಕಾಗಬಹುದು, ಅದಕ್ಕೆ ಈ ಏರ್ಪಾಡು. ಭಾಷೆ ಬದಲಿಸಿದರೆ, ಡಾರ್ಕ್ ಮೋಡ್ ಆನ್ ಮಾಡಿದರೆ, ಅಕ್ಷರದ ಗಾತ್ರ ದೊಡ್ಡದು ಮಾಡಿದರೂ ಇದೇ ಕಥೆ. ಆ್ಯಪ್ ಬರೆದವರು ಪ್ಲೇಯರನ್ನು, ಅಂದರೆ ವಿಡಿಯೊ ಓಡಿಸುವ ಭಾಗವನ್ನು, ಸ್ಕ್ರೀನಿನ ಒಳಗೇ ಇಟ್ಟಿದ್ದರೆ ಸ್ಕ್ರೀನಿನ ಜೊತೆ ಪ್ಲೇಯರೂ ಹೋಯಿತು, ಪ್ಲೇಯರಿನ ಜೊತೆ ನೀವು ನಿಂತ ಜಾಗವೂ ಹೋಯಿತು. ವಿಎಚ್‌ಎಸ್ ಕ್ಯಾಸೆಟ್ ಕಾಲದಲ್ಲಿ ಈ ಗೋಳು ಇರಲಿಲ್ಲ ನೋಡಿ. ಅರ್ಧ ನೋಡಿ ತೆಗೆದ ಕ್ಯಾಸೆಟ್ಟನ್ನು ಪಕ್ಕದ ಮನೆಯ ಪ್ಲೇಯರಿಗೆ ಹಾಕಿದರೂ ಅಲ್ಲಿಂದಲೇ ಓಡುತ್ತಿತ್ತು, ಯಾಕೆಂದರೆ ಜಾಗ ಇದ್ದದ್ದು ಟೇಪಿನಲ್ಲಿ, ಪ್ಲೇಯರಿನಲ್ಲಿ ಅಲ್ಲ. ಈ ಅಂಕಣದಲ್ಲಿ ಮುಂದೆ ಬರುವ ಉತ್ತರಗಳೆಲ್ಲ ಹೆಚ್ಚು ಕಡಿಮೆ ಇದರ ಸುತ್ತಲೇ ತಿರುಗುತ್ತವೆ: ಪ್ಲೇಯರ್ ಯಾವಾಗ ಬೇಕಾದರೂ ಸಾಯಬಹುದು, ನಿಂತ ಜಾಗ ನೋಡುಗರದ್ದು, ಅದನ್ನು ಬೇರೆ ಕಡೆ ಇಡಬೇಕು.

ಸದ್ಯಕ್ಕೆ ನೀವು ಮಾಡಬಹುದಾದದ್ದು ಇಷ್ಟು. ಫೋನನ್ನು ಮೊದಲೇ ಅಡ್ಡ ಹಿಡಿದು ರೊಟೇಶನ್ ಲಾಕ್ ಮಾಡಿ, ಆಮೇಲೆ ವಿಡಿಯೊ ತೆರೆಯಿರಿ. ಫೈಲ್ ನಿಮ್ಮ ಫೋನಿನಲ್ಲೇ ಇದ್ದರೆ ವಿಎಲ್‌ಸಿಯಲ್ಲಿ ನೋಡಿ, ಅದು ಜಾಗ ನೆನಪಿಡುತ್ತದೆ. ಯೂಟ್ಯೂಬ್ ಆದರೆ ಲಾಗಿನ್ ಆಗಿದ್ದೀರಾ, ವಾಚ್ ಹಿಸ್ಟರಿ ಆನ್ ಇದೆಯಾ ಎಂದು ಒಮ್ಮೆ ನೋಡಿಕೊಳ್ಳಿ. ಯಾವುದೂ ಬೇಡವೆಂದರೆ ಎಲ್ಲಿಗೆ ನಿಲ್ಲಿಸಿದ್ದು ಎಂದು ಚೀಟಿಯಲ್ಲಿ ಬರೆದಿಡಿ. ತಮಾಷೆಗಲ್ಲ, ಎಂಟು ಗಂಟೆಯ ಆಟದಲ್ಲಿ ಬೆರಳಿಂದ ಆ ಸಣ್ಣ ಗೆರೆ ಎಳೆದು ಜಾಗ ಹುಡುಕುವುದಕ್ಕಿಂತ ಅದು ಬೇಗ.

ಪ್ರಶ್ನೆ: ಎಂಜಿನಿಯರಿಂಗ್ ಕೊನೆಯ ವರ್ಷ, ಪ್ರಾಜೆಕ್ಟಿಗೆ ವಿಡಿಯೊ ಆ್ಯಪ್ ಮಾಡುತ್ತಿದ್ದೇವೆ. ಪೊಸಿಶನ್ (ವಿಡಿಯೊ ನಿಂತ ಜಾಗ) ಅನ್ನು ವ್ಯೂಮಾಡೆಲ್‌ನಲ್ಲಿ ಇಟ್ಟೆವು, ರೊಟೇಟ್ ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ವಾಟ್ಸ್ಆ್ಯಪ್, ಕ್ಯಾಮೆರಾ ಎಲ್ಲ ಸುತ್ತಿ ವಾಪಸ್ ಬಂದರೆ ಕೆಲವೊಮ್ಮೆ ಸೊನ್ನೆಯಿಂದ ಶುರು. ಯಾವಾಗಲೂ ಅಲ್ಲ, ಕೆಲವೊಮ್ಮೆ ಮಾತ್ರ. ತಲೆ ಕೆಟ್ಟಿದೆ. (ಬೆಳಗಾವಿಯ ವಿದ್ಯಾರ್ಥಿಗಳು)

ಆ 'ಕೆಲವೊಮ್ಮೆ'ಯಲ್ಲೇ ಉತ್ತರ ಇದೆ. ವ್ಯೂಮಾಡೆಲ್ ಅನ್ನು ಗೂಗಲ್ 2017ರಲ್ಲಿ ತಂದದ್ದು ಸ್ಕ್ರೀನ್ ಕೆಡವಿ ಕಟ್ಟುವಾಗ ಡೇಟಾ ಉಳಿಯಲಿ ಎಂದು. ಅದರ ಭರವಸೆ ಅಷ್ಟಕ್ಕೇ ಮುಗಿಯಿತು. ನೀವು ಬೇರೆ ಆ್ಯಪ್‌ಗೆ ಹೋಗಿ ಫೋನಿಗೆ ಮೆಮೊರಿ ಸಾಲದೆ ಬಂದರೆ ಆಂಡ್ರಾಯ್ಡ್ ನಿಮ್ಮ ಇಡೀ ಪ್ರೊಸೆಸ್ಸನ್ನೇ (ಮೆಮೊರಿಯಲ್ಲಿ ಓಡುತ್ತಿರುವ ಆ್ಯಪ್ ಅನ್ನೇ) ಮುಗಿಸಿಬಿಡುತ್ತದೆ, ಹೇಳದೆ ಕೇಳದೆ. ಸ್ಕ್ರೀನ್ ನಾಶವಾಗುವಾಗಿನ ಆನ್‌ಡೆಸ್ಟ್ರಾಯ್ ಕರೆ ಬರುತ್ತದೆ ಎಂದು ಕಾಯುತ್ತಾ ಕೂತರೆ ಅದೂ ಬರುವುದಿಲ್ಲ. ವ್ಯೂಮಾಡೆಲ್ ಇದ್ದದ್ದು ಅದೇ ಪ್ರೊಸೆಸ್ಸಿನ ಮೆಮೊರಿಯಲ್ಲಿ, ಜೊತೆಗೇ ಹೋಗುತ್ತದೆ. ನಿಮ್ಮ ಲ್ಯಾಬಿನ 12 ಜಿಬಿ ಫೋನಿನಲ್ಲಿ ಇದು ಅಪರೂಪಕ್ಕೆ ಆಗುತ್ತದೆ. 3 ಜಿಬಿ ಫೋನ್ ಇಟ್ಟುಕೊಂಡವರಿಗೆ ಇದು ದಿನನಿತ್ಯದ ಕಥೆ. ಕ್ಯಾಮೆರಾ ತೆರೆದರಂತೂ ಹಿಂದಿದ್ದ ಆ್ಯಪ್‌ಗಳಿಗೆ ಉಳಿಗಾಲ ಕಡಿಮೆ.

ಇದಕ್ಕೆ ಎರಡನೇ ಮಟ್ಟದ ಜಾಗ ಸೇವ್ಡ್ ಇನ್‌ಸ್ಟನ್ಸ್ ಸ್ಟೇಟ್. ವ್ಯೂಮಾಡೆಲ್ ಒಳಗಿಂದಲೇ ಬಳಸಬೇಕಾದರೆ ಸೇವ್ಡ್‌ಸ್ಟೇಟ್‌ಹ್ಯಾಂಡಲ್, ಕಂಪೋಸ್ ಎಂಬ ಸ್ಕ್ರೀನ್ ಕಟ್ಟುವ ಟೂಲ್‌ಕಿಟ್ ಬಳಸುವವರಿಗೆ ರಿಮೆಂಬರ್‌ಸೇವಬಲ್. ಈ ಸಣ್ಣ ಗಂಟನ್ನು ವ್ಯವಸ್ಥೆಯೇ ನಿಮ್ಮ ಪ್ರೊಸೆಸ್ಸಿನ ಹೊರಗೆ ಕಾಪಾಡುತ್ತದೆ, ಆದ್ದರಿಂದ ಪ್ರೊಸೆಸ್ ಸತ್ತರೂ ಇದು ಉಳಿಯುತ್ತದೆ. ಆದರೆ ಸಣ್ಣ ಗಂಟು ಎಂದರೆ ಸಣ್ಣದೇ. ಬೈಂಡರ್ (ಪ್ರೊಸೆಸ್‌ಗಳ ನಡುವೆ ಡೇಟಾ ಸಾಗಿಸುವ ವ್ಯವಸ್ಥೆ) ಮೂಲಕ ಹೋಗುವ ಎಲ್ಲದಕ್ಕೂ ಸೇರಿ ಪ್ರೊಸೆಸ್ಸಿಗೆ 1 ಎಂಬಿ ಬಫರ್. ಯಾರೋ ಪುಣ್ಯಾತ್ಮರು ವಿಡಿಯೊ ಪಟ್ಟಿಯನ್ನೆಲ್ಲ ಅದರೊಳಗೆ ತುರುಕಿದರೆ ಟ್ರಾನ್ಸಾಕ್ಷನ್‌ಟೂಲಾರ್ಜ್ ಎಂದು ಆ್ಯಪ್ ಅಲ್ಲೇ ಬೀಳುತ್ತದೆ.

ಇನ್ನೊಂದು ಸಾವು ಬಾಕಿ ಇದೆ. ನೋಡುಗರು ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ನಿಮ್ಮದನ್ನು ಬೆರಳಿಂದ ಮೇಲಕ್ಕೆ ತಳ್ಳಿ ಮುಚ್ಚಿದರು ಅಥವಾ ಫೋನ್ ರೀಸ್ಟಾರ್ಟ್ ಆಯಿತು. ಆಗ ಆ ಗಂಟೂ ಹೋಗುತ್ತದೆ. ಬಳಕೆದಾರರು ಬೇಕೆಂದೇ ಮುಚ್ಚಿದ್ದಾರೆ, ಹೊಸದಾಗಿ ಶುರು ಮಾಡಬೇಕು ಎಂಬುದು ಆಂಡ್ರಾಯ್ಡ್‌ನ ತರ್ಕ. ಐಒಎಸ್‌ನಲ್ಲೂ ಆ್ಯಪ್ ಸ್ವಿಚರ್‌ನಿಂದ ತಳ್ಳಿದರೆ ರಿಸ್ಟೋರೇಶನ್ ಡೇಟಾ ಹೋಗುತ್ತದೆ. ಫಾರ್ಮ್ ತುಂಬುವ ಆ್ಯಪ್‌ಗೆ ಈ ತರ್ಕ ಸರಿ ಇರಬಹುದು, ಸಿನಿಮಾ ನೋಡುವವರಿಗೆ ಸರಿಯಲ್ಲ. ಊಟಕ್ಕೆ ಕೂತವರು ಎಲ್ಲ ಆ್ಯಪ್ ಮುಚ್ಚಿ ಎದ್ದು ಹೋದರು ಎಂದ ಮಾತ್ರಕ್ಕೆ ಸಿನಿಮಾ ಮೊದಲಿಂದ ನೋಡಲು ಒಪ್ಪಿದ್ದಾರೆ ಎಂದರ್ಥವೇ?

ಹಾಗಾಗಿ ನನ್ನ ಸಲಹೆ ನೇರವಾಗಿದೆ. ನಿಂತ ಜಾಗವನ್ನು ಡಿಸ್ಕಿಗೇ ಬರೆಯಿರಿ, ರೂಮ್ ಡೇಟಾಬೇಸಿನ ಒಂದು ಟೇಬಲ್ ಸಾಕು. ಓಡುತ್ತಿರುವಾಗ ಐದು ಸೆಕೆಂಡಿಗೊಮ್ಮೆ, ಪಾಸ್ (ವಿಡಿಯೊ ತಡೆಯುವ ಬಟನ್) ಒತ್ತಿದಾಗ, ಸೀಕ್ ಮಾಡಿದಾಗ (ಬೇರೆ ಜಾಗಕ್ಕೆ ಹಾರಿದಾಗ), ಸ್ಕ್ರೀನ್ ಮರೆಯಾಗುವಾಗಿನ ಆನ್‌ಸ್ಟಾಪ್ ಕರೆಯಲ್ಲಿ. ಕೊನೆಯ ಗಳಿಗೆಯಲ್ಲಿ ಒಂದೇ ಸಲ ಉಳಿಸುತ್ತೇನೆ ಎನ್ನುವ ಯೋಜನೆ ಬೇಡ, ಕೊನೆಯ ಗಳಿಗೆ ಯಾವುದೆಂದು ನಿಮಗೆ ಗೊತ್ತೇ ಆಗುವುದಿಲ್ಲ. ಸಣ್ಣ ಸೆಟ್ಟಿಂಗ್‌ಗಳನ್ನು ಇಡುವ ಹಳೆಯ ಶೇರ್ಡ್‌ಪ್ರಿಫರೆನ್ಸಸ್‌ಗೆ ಪದೇ ಪದೇ ಬರೆಯುವುದೂ ಬೇಡ. ಅಲ್ಲಿ ಅಪ್ಲೈ ಕರೆದರೆ ಹಿನ್ನೆಲೆಯಲ್ಲಿ ಬರೆಯುತ್ತದೆ ನಿಜ, ಆದರೆ ಆ್ಯಕ್ಟಿವಿಟಿ (ಆ್ಯಪ್‌ನ ಒಂದು ಸ್ಕ್ರೀನ್) ನಿಲ್ಲುವಾಗ ಬಾಕಿ ಇರುವ ಬರಹ ಮುಗಿಯಲಿ ಎಂದು ಸ್ಕ್ರೀನ್ ನಡೆಸುವ ಮುಖ್ಯ ಥ್ರೆಡ್ ಕಾಯುತ್ತದೆ. ನಿಧಾನ ಫೋನಿನಲ್ಲಿ ಅದೇ ಹ್ಯಾಂಗ್ ಆಗಿ ಕಾಣುತ್ತದೆ.

ಏನೇನು ಉಳಿಸಬೇಕು? ವಿಡಿಯೊದ ಐಡಿ, ಪ್ಲೇಲಿಸ್ಟ್ ಇದ್ದರೆ ಎಷ್ಟನೆಯದು, ಮಿಲಿಸೆಕೆಂಡಿನಲ್ಲಿ ಪೊಸಿಶನ್, ಮತ್ತೆ ಓಡುತ್ತಿತ್ತಾ ನಿಂತಿತ್ತಾ ಎಂಬುದು. ಈ ಕೊನೆಯದನ್ನು ಜಾಸ್ತಿ ಜನ ಮರೆಯುತ್ತಾರೆ. ನೋಡುಗರು ಬಸ್ಸಿನಲ್ಲಿ ಪಾಸ್ ಒತ್ತಿ ಸುಮ್ನೆ ಫೋನ್ ತಿರುಗಿಸಿದರೆ ಇಡೀ ಬಸ್ಸಿಗೆ ಕೇಳುವ ಹಾಗೆ ಡೈಲಾಗ್ ಶುರುವಾಗುತ್ತದೆ. ಓಡಬೇಕೋ ನಿಲ್ಲಬೇಕೋ ಎಂದು ಹೇಳುವ ಪ್ಲೇವೆನ್‌ರೆಡಿ ಮೌಲ್ಯ ಉಳಿಸಿದರೆ ಈ ಅವಮಾನ ತಪ್ಪುತ್ತದೆ. ವೇಗ ಮತ್ತು ಸಬ್‌ಟೈಟಲ್ ಭಾಷೆಯನ್ನೂ ಉಳಿಸಿದರೆ ಇನ್ನೂ ಒಳ್ಳೆಯದು. ಒಂದು ಎಚ್ಚರಿಕೆ: ವಿಡಿಯೊದ ಗುರುತಿಗೆ ಯುಆರ್‌ಎಲ್ ಬಳಸಬೇಡಿ. ಟೋಕನ್ (ನೋಡಲು ಕೊಡುವ ತಾತ್ಕಾಲಿಕ ಸಂಕೇತ) ಅಂಟಿಸಿದ ಯುಆರ್‌ಎಲ್ ಪ್ರತಿ ಸಲ ಬದಲಾಗುತ್ತದೆ, ಅದೇ ವಿಡಿಯೊ ಆ್ಯಪ್‌ನ ಕಣ್ಣಿಗೆ ಹೊಸ ವಿಡಿಯೊ ಆಗಿಬಿಡುತ್ತದೆ.

ವಾಪಸ್ ತರುವಾಗ ಇನ್ನೊಂದು ಸಣ್ಣ ಉಳಿತಾಯ ಇದೆ. ಮೊದಲು ವಿಡಿಯೊ ಹಾಕಿ, ಓಡಿಸಿ, ಆಮೇಲೆ ಸೀಕ್ ಮಾಡಬೇಡಿ. ಮೊದಲ ತುಣುಕು ಸುಮ್ಮನೆ ಡೌನ್‌ಲೋಡ್ ಆಗಿ ನೋಡುಗರ ಡೇಟಾ ವ್ಯರ್ಥ, ಜೊತೆಗೆ ಒಂದು ಕ್ಷಣ ಟೈಟಲ್ ಮಿಂಚಿ ಮಾಯವಾಗುತ್ತದೆ. ಆಂಡ್ರಾಯ್ಡ್‌ನ ಎಕ್ಸೋಪ್ಲೇಯರ್ ಎಂಬ ಪ್ಲೇಯರ್ ಲೈಬ್ರರಿಯಲ್ಲಿ ಸೆಟ್‌ಮೀಡಿಯಾಐಟಂ ಕರೆಯುವಾಗಲೇ ಎರಡನೇ ಮೌಲ್ಯವಾಗಿ ಶುರುವಿನ ಪೊಸಿಶನ್ ಕೊಡಬಹುದು.

ಪ್ರಶ್ನೆ: ಆನ್‌ಸೇವ್‌ಇನ್‌ಸ್ಟನ್ಸ್‌ಸ್ಟೇಟ್‌ನಲ್ಲಿ ಪ್ಲೇಯರಿನ ಕರೆಂಟ್‌ಪೊಸಿಶನ್ ಉಳಿಸುತ್ತೇನೆ. ಹಳೆಯ ಫೋನಿನಲ್ಲಿ ಸರಿ ಬರುತ್ತದೆ, ಹೊಸದರಲ್ಲಿ ಸೊನ್ನೆ ಉಳಿಯುತ್ತದೆ. ಕೋಡ್ ಒಂದೇ! (ಬೆಂಗಳೂರಿನ ಡೆವಲಪರ್)

ಈ ಪತ್ರ ಓದಿ ಖುಷಿಯಾಯಿತು, ಯಾಕೆಂದರೆ ಇಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ. ನಿಮ್ಮ ಕೋಡಿನ ತುಣುಕು ನೋಡಿದೆ. ಆನ್‌ಸ್ಟಾಪ್‌ನಲ್ಲಿ ಪ್ಲೇಯರನ್ನು ರಿಲೀಸ್ ಮಾಡಿ ನಲ್ (ಖಾಲಿ) ಮಾಡಿದ್ದೀರಿ. ಅದು ಸರಿಯಾದದ್ದೇ. ಉಳಿಸುವಾಗ 'ಪ್ಲೇಯರ್ ಇದ್ದರೆ ಅದರ ಪೊಸಿಶನ್, ಇಲ್ಲದಿದ್ದರೆ 0' ಎಂದು ಬರೆದಿದ್ದೀರಿ. ಆಂಡ್ರಾಯ್ಡ್ 8ರ ತನಕ, ಸೇವ್ಡ್ ಸ್ಟೇಟ್ ಉಳಿಸುವ ಕರೆಯಾದ ಆನ್‌ಸೇವ್‌ಇನ್‌ಸ್ಟನ್ಸ್‌ಸ್ಟೇಟ್ ಆನ್‌ಸ್ಟಾಪ್‌ಗಿಂತ ಮುಂಚೆ ಬರುತ್ತಿತ್ತು. ಆಂಡ್ರಾಯ್ಡ್ 9ರಿಂದ, ಆ ಆವೃತ್ತಿ ಅಥವಾ ಅದಕ್ಕಿಂತ ಹೊಸದನ್ನು ಗುರಿಯಾಗಿಟ್ಟ ಆ್ಯಪ್‌ಗಳಲ್ಲಿ, ಆನ್‌ಸ್ಟಾಪ್ ಆದ ಮೇಲೆ ಬರುತ್ತದೆ. ಅಷ್ಟು ಹೊತ್ತಿಗೆ ಪ್ಲೇಯರ್ ನಲ್. ಪ್ರಾಮಾಣಿಕವಾಗಿ 0 ಉಳಿಯುತ್ತದೆ.

ಪರಿಹಾರ ಎರಡೇ ಸಾಲು. ರಿಲೀಸ್ ಮಾಡುವ ಫಂಕ್ಷನ್ನಿನಲ್ಲೇ, ರಿಲೀಸ್‌ಗೆ ಮೊದಲು, ಪೊಸಿಶನ್ ಮತ್ತು ಪ್ಲೇವೆನ್‌ರೆಡಿಯನ್ನು ಒಂದು ವೇರಿಯಬಲ್‌ಗೆ ತೆಗೆದಿಡಿ. ಉಳಿಸುವಾಗ ಆ ವೇರಿಯಬಲ್ ಓದಿ, ಪ್ಲೇಯರನ್ನು ಕೇಳಲೇಬೇಡಿ. ಆಗ ಯಾವುದು ಮೊದಲು ಬಂದರೂ ತಲೆಬಿಸಿ ಇಲ್ಲ. ಪ್ಲೇಯರನ್ನು ಆನ್‌ಸ್ಟಾರ್ಟ್‌ನಲ್ಲಿ ಕಟ್ಟಿ ಆನ್‌ಸ್ಟಾಪ್‌ನಲ್ಲಿ ಬಿಡುವುದು ಆಂಡ್ರಾಯ್ಡ್ 7ರಿಂದ ಈಚೆಗೆ ಸರಿಯಾದ ಕ್ರಮ. ಪರದೆ ಎರಡು ಭಾಗ ಮಾಡಿ ಬಳಸುವಾಗ ಆನ್‌ಪಾಸ್ ಬಂದರೂ ವಿಡಿಯೊ ಕಣ್ಣಿಗೆ ಕಾಣುತ್ತಲೇ ಇರಬಹುದು, ಅಲ್ಲಿ ಬಿಟ್ಟರೆ ಕಪ್ಪು ಚೌಕ ಕಾಣುತ್ತದೆ.

ಇದೇ ಜಾತಿಯ ಇನ್ನೊಂದು ಕಳ್ಳ ಜಾಹೀರಾತು. ವಿಡಿಯೊ ನಡುವೆ ಜಾಹೀರಾತು ಓಡುತ್ತಿರುವಾಗ ಎಕ್ಸೋಪ್ಲೇಯರಿನ ಕರೆಂಟ್‌ಪೊಸಿಶನ್ ಕೊಡುವುದು ಜಾಹೀರಾತಿನ ಒಳಗಿನ ಪೊಸಿಶನ್. ಒಂದೂವರೆ ಗಂಟೆ ಸಿನಿಮಾ ನೋಡಿದವರು ಜಾಹೀರಾತಿನ 12ನೇ ಸೆಕೆಂಡಿನಲ್ಲಿ ಬೇಸತ್ತು ಹೊರಟರೆ, ಮರುದಿನ ಸಿನಿಮಾ 12ನೇ ಸೆಕೆಂಡಿನಿಂದ ಶುರು. ಅವರು ಜಾಹೀರಾತಿನಲ್ಲೇ ಎದ್ದು ಹೋಗುವ ಸಾಧ್ಯತೆ ಜಾಸ್ತಿ ಅಲ್ವಾ? ಕಂಟೆಂಟ್‌ಪೊಸಿಶನ್ ಬಳಸಿ.

ಪ್ರಶ್ನೆ: ಐಫೋನ್ ಆ್ಯಪ್. ಪೊಸಿಶನ್ ಸರಿಯಾಗಿ ಉಳಿದಿದೆ, ಲಾಗ್‌ನಲ್ಲಿ ನೋಡಿದ್ದೇನೆ. ಆದರೆ ವಾಪಸ್ ಬಂದಾಗ ಒಂದೆರಡು ಸೆಕೆಂಡು ಹಿಂದೆ ಮುಂದೆ ಶುರುವಾಗುತ್ತದೆ.

ಐಫೋನಿನ ಎವಿಪ್ಲೇಯರಿನ ಸಾದಾ ಸೀಕ್ ಹಾಗೆಯೇ. ನೀವು ಕೇಳಿದ ಕ್ಷಣಕ್ಕೇ ಹೋಗುತ್ತೇನೆ ಎಂದು ಅದು ಮಾತು ಕೊಟ್ಟಿಲ್ಲ. ಬೇಗ ತೋರಿಸಲು ಅನುಕೂಲವಾದ ಹತ್ತಿರದ ಜಾಗಕ್ಕೆ ಇಳಿಯುತ್ತದೆ, ಸಾಮಾನ್ಯವಾಗಿ ಒಂದು ಕೀಫ್ರೇಮ್‌ಗೆ. ವಿಡಿಯೊದಲ್ಲಿ ಎಲ್ಲ ಫ್ರೇಮೂ ಪೂರ್ಣ ಚಿತ್ರ ಆಗಿರುವುದಿಲ್ಲ. ಆಗೊಂದು ಈಗೊಂದು ಪೂರ್ಣ ಚಿತ್ರ ಇರುತ್ತದೆ, ನಡುವಿನವು ಬರೀ ಬದಲಾವಣೆಗಳನ್ನು ಹೇಳುತ್ತವೆ. ನಡುವಿನ ಫ್ರೇಮಿಗೆ ಹೋಗಬೇಕಾದರೆ ಹಿಂದಿನ ಕೀಫ್ರೇಮಿನಿಂದ ಬಿಡಿಸುತ್ತಾ ಬರಬೇಕು.

ಕರಾರುವಾಕ್ಕಾಗಿ ಬೇಕಿದ್ದರೆ ಟಾಲರೆನ್ಸ್‌ಬಿಫೋರ್, ಟಾಲರೆನ್ಸ್‌ಆಫ್ಟರ್ (ಹಿಂದೆ, ಮುಂದೆ ಎಷ್ಟು ತಪ್ಪಬಹುದು ಎಂಬ ಅಳತೆ) ಎರಡನ್ನೂ ಸೊನ್ನೆ ಮಾಡಿ. ಸ್ವಲ್ಪ ತಡವಾಗುತ್ತದೆ. ನನ್ನನ್ನು ಕೇಳಿದರೆ ಬಿಫೋರ್ ಒಂದೆರಡು ಸೆಕೆಂಡು ಬಿಡಿ, ಆಫ್ಟರ್ ಮಾತ್ರ ಸೊನ್ನೆ ಇಡಿ. ಸ್ವಲ್ಪ ಹಿಂದಿನಿಂದ ಶುರುವಾದರೆ ಯಾರೂ ಬೈಯುವುದಿಲ್ಲ, ಒಂದು ಮಾತು ತಪ್ಪಿಹೋದರೆ ಬೈಯುತ್ತಾರೆ. ಆಂಡ್ರಾಯ್ಡ್‌ನ ಎಕ್ಸೋಪ್ಲೇಯರ್ ಇಲ್ಲಿ ಉಲ್ಟಾ, ಅದರ ಡೀಫಾಲ್ಟೇ ಕರಾರುವಾಕ್. ಎರಡೂ ಕಡೆ ಆ್ಯಪ್ ಮಾಡುವವರಿಗೆ 'ಐಫೋನ್‌ನಲ್ಲಿ ಮಾತ್ರ ಬಗ್' ಎಂದು ಕಾಣುವುದು ಈ ಕಾರಣಕ್ಕೆ.

ಸಮಯವನ್ನು ಐಒಎಸ್‌ನ ಸಿಎಂಟೈಮ್ ಆಗಿ ಕಟ್ಟುವಾಗ ಟೈಮ್‌ಸ್ಕೇಲ್ (ಸೆಕೆಂಡನ್ನು ಎಷ್ಟು ಚೂರು ಮಾಡಬೇಕು ಎಂಬ ಸಂಖ್ಯೆ) 1 ಇಟ್ಟರೆ ಸೆಕೆಂಡಿನ ಚೂರುಗಳೆಲ್ಲ ಹೋಗುತ್ತವೆ. 600 ಇಡುವುದು ರೂಢಿ, ಅದು ಸಾಮಾನ್ಯ ಫ್ರೇಮ್ ದರಗಳಾದ 24, 25, 30 ಮೂರರಿಂದಲೂ ಭಾಗವಾಗುತ್ತದೆ. ಪ್ಲೇಯರ್‌ಐಟಂ ರೆಡಿ ಎಂದು ಹೇಳುವ ಮುಂಚೆ ಸೀಕ್ ಮಾಡಬೇಡಿ. ಉಳಿಸುವ ಕೆಲಸವನ್ನು ಸೀನ್ (ಆ್ಯಪ್‌ನ ಸ್ಕ್ರೀನ್) ಹಿನ್ನೆಲೆಗೆ ಹೋಗುವಾಗ ಮಾಡಿ. ಅಲ್ಲಿ ಸಿಗುವುದು ಸುಮಾರು ಐದು ಸೆಕೆಂಡು, ಇದಕ್ಕೆ ಧಾರಾಳ ಸಾಕು. ಮುಚ್ಚುವ ಮುಂಚಿನ ವಿಲ್‌ಟರ್ಮಿನೇಟ್ ಕರೆ ಬರುತ್ತದೆ ಎಂದು ನಂಬಬೇಡಿ, ಮಲಗಿದ ಆ್ಯಪ್ ಅನ್ನು ಐಒಎಸ್ ಎಬ್ಬಿಸಿ ಹೇಳಿ ಕೊಲ್ಲುವುದಿಲ್ಲ.

ಪ್ರಶ್ನೆ: ಫೋನ್ ಕರೆ ಬಂದು ಮುಗಿದ ಮೇಲೆ ವಿಡಿಯೊ ತಾನಾಗಿ ಶುರುವಾಗಬೇಕೋ ಬೇಡವೋ?

ಕರೆಗೆ ಮುಂಚೆ ಓಡುತ್ತಿದ್ದರೆ ಶುರುವಾಗಲಿ, ನಿಂತಿದ್ದರೆ ನಿಂತೇ ಇರಲಿ. ಎಕ್ಸೋಪ್ಲೇಯರಿಗೆ ಆಡಿಯೊ ಫೋಕಸ್ (ಸದ್ಯ ಸದ್ದು ಮಾಡುವ ಹಕ್ಕು ಯಾವ ಆ್ಯಪ್‌ಗೆ ಎಂಬುದನ್ನು) ನೋಡಿಕೊಳ್ಳಲು ಹೇಳಿದರೆ ಇದನ್ನು ಅದೇ ಮಾಡುತ್ತದೆ. ಐಒಎಸ್‌ನಲ್ಲಿ ಅಡಚಣೆ ಮುಗಿದ ಸೂಚನೆಯ ಜೊತೆ 'ಮುಂದುವರಿಸಬಹುದು' ಎಂಬ ಗುರುತು ಬರುತ್ತದೆ, ಬಂದರೆ ಮಾತ್ರ ಓಡಿಸಿ. ಇಯರ್‌ಫೋನ್ ಕಿತ್ತಾಗ ಮಾತ್ರ ಕಡ್ಡಾಯ ಪಾಸ್, ಮತ್ತೆ ಚುಚ್ಚಿದರೂ ತಾನಾಗಿ ಓಡಬಾರದು.

ಪ್ರಶ್ನೆ: ಫ್ಲಟರ್‌ನಲ್ಲಿ (ಒಂದೇ ಕೋಡಿನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಕಟ್ಟುವ ಸಾಧನ) ವಿಡಿಯೊ ಫೀಡ್ ಮಾಡಿದ್ದೇನೆ. ಕೆಳಗೆ ಸ್ಕ್ರಾಲ್ ಮಾಡಿ ಮೇಲೆ ಬಂದರೆ ಪ್ರತಿ ವಿಡಿಯೊ ಮೊದಲಿಂದ. ಕೀಪ್‌ಅಲೈವ್ ಹಾಕಿದೆ, ಸರಿಹೋಯಿತು, ಆದರೆ ಸ್ವಲ್ಪ ಹೊತ್ತಿಗೆ ಆ್ಯಪ್ ಕ್ರ್ಯಾಶ್. (ಮೈಸೂರಿನ ಓದುಗರು)

ಕೀಪ್‌ಅಲೈವ್ ಹಾಕಿದಿರಿ ಎಂದರೆ ನೋಡಿ ದಾಟಿದ ಪ್ರತಿ ವಿಡಿಯೊದ ಪ್ಲೇಯರೂ ಜೀವಂತ ಕೂತಿದೆ. ಫೋನಿನ ಹಾರ್ಡ್‌ವೇರ್ ಡಿಕೋಡರ್ ಏಕಕಾಲಕ್ಕೆ ಕೆಲವೇ ವಿಡಿಯೊಗಳನ್ನು ಬಿಡಿಸಬಲ್ಲದು, ಎಷ್ಟು ಎನ್ನುವುದು ಚಿಪ್ಪಿನ ಮೇಲೆ ಹೋಗುತ್ತದೆ. ಮಿತಿ ಮುಟ್ಟಿದ ಮೇಲೆ ಹೊಸ ಪ್ಲೇಯರ್ ಏಳುವುದಿಲ್ಲ.

ಪ್ಲೇಯರ್ ಸಾಯಲಿ ಬಿಡಿ. ಒಂದು ಮ್ಯಾಪ್ ಇಟ್ಟುಕೊಳ್ಳಿ, ವಿಡಿಯೊ ಐಡಿಗೆ ಒಂದು ಪೊಸಿಶನ್. ಪ್ಲೇಯರ್ ಡಿಸ್ಪೋಸ್ (ನಾಶ) ಆಗುವ ಮುಂಚೆ ಅದರಲ್ಲಿ ಬರೆಯಿರಿ, ಮತ್ತೆ ಕಟ್ಟುವಾಗ ಓದಿ. ಪಟ್ಟಿಯಲ್ಲಿ ಎಷ್ಟನೆಯದು ಎಂಬ ಸಂಖ್ಯೆಯನ್ನು ಕೀ ಮಾಡಿದರೆ, ಮೇಲೆ ಎರಡು ಹೊಸ ವಿಡಿಯೊ ಬಂದ ತಕ್ಷಣ ಅಡುಗೆ ವಿಡಿಯೊದ ಜಾಗ ಕ್ರಿಕೆಟ್ ವಿಡಿಯೊಗೆ ಹೋಗುತ್ತದೆ. ಕಾಣುವುದೊಂದು, ಹಿಂದಿನದೊಂದು, ಮುಂದಿನದೊಂದು, ಮೂರೇ ಪ್ಲೇಯರಿನಲ್ಲಿ ಇಡೀ ಫೀಡ್ ನಡೆಸಬಹುದು.

ಫ್ಲಟರ್‌ನಲ್ಲಿ ರೊಟೇಶನ್‌ನಿಂದ ಜಾಗ ಹೋಗುವುದು ಕಡಿಮೆ, ಯಾಕೆಂದರೆ ಅದರ ಆಂಡ್ರಾಯ್ಡ್ ಮ್ಯಾನಿಫೆಸ್ಟ್ (ಆ್ಯಪ್‌ನ ವಿವರದ ಫೈಲ್) ಟೆಂಪ್ಲೇಟಿನಲ್ಲೇ 'ತಿರುಗಿದರೆ ಕೆಡವಬೇಡ' ಎಂದು ಬರೆದಿರುತ್ತದೆ. ಅಲ್ಲಿ ಹೋಗುವುದು ಸಾಮಾನ್ಯವಾಗಿ ಫುಲ್‌ಸ್ಕ್ರೀನ್‌ಗೆ ಹೊಸ ಪುಟ ತೆರೆದು ಪ್ಲೇಯರ್ ನಡೆಸುವ ಹೊಸ ಕಂಟ್ರೋಲರ್ ಕಟ್ಟುವುದರಿಂದ. ಇರುವ ಕಂಟ್ರೋಲರನ್ನೇ ಆ ಪುಟಕ್ಕೆ ಕೊಡಿ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗಳ ಪಾಠದ ಆ್ಯಪ್ ನಮ್ಮದು. ಮಕ್ಕಳು ಬಸ್ಸಿನಲ್ಲಿ ಫೋನ್, ಮನೆಯಲ್ಲಿ ಟ್ಯಾಬ್ ಬಳಸುತ್ತಾರೆ. ಎರಡರ ಜಾಗ ಹೊಂದುತ್ತಿಲ್ಲ, ಕೆಲವೊಮ್ಮೆ ಹಿಂದಕ್ಕೆ ಹೋಗಿಬಿಡುತ್ತದೆ. ಯಾವುದು ಮುಂದಿದೆಯೋ ಅದನ್ನೇ ಇಟ್ಟುಕೊಂಡರೆ ಆಗಲ್ವಾ? (ಧಾರವಾಡದಿಂದ)

ಆಗುವುದಿಲ್ಲ. ಹುಡುಗಿಯೊಬ್ಬಳು ಸಂವಿಧಾನದ ಪಾಠ ಪೂರ್ತಿ ನೋಡಿ, ಪರೀಕ್ಷೆ ಹತ್ತಿರ ಬಂತು ಎಂದು ಮತ್ತೆ ಮೊದಲಿಂದ ನೋಡುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ನಿಮ್ಮ ನಿಯಮದ ಪ್ರಕಾರ ಅವಳು ಟ್ಯಾಬ್ ತೆರೆದಾಗಲೆಲ್ಲ ಪಾಠದ ಕೊನೆಗೇ ಹೋಗಿ ಬೀಳುತ್ತಾಳೆ.

ಹಿಂದಕ್ಕೆ ಹೋಗುವುದು ಯಾಕೆ ಅಂದರೆ, ಬೆಳಿಗ್ಗೆ ನೆಟ್‌ವರ್ಕ್ ಇಲ್ಲದ ಬಸ್ಸಿನಲ್ಲಿ ಫೋನ್ 14ನೇ ನಿಮಿಷ ಎಂದು ಬರೆದಿಟ್ಟುಕೊಂಡಿತು. ಸಂಜೆ ಟ್ಯಾಬಿನಲ್ಲಿ 40ನೇ ನಿಮಿಷದ ತನಕ ನೋಡಿದಳು, ಸರ್ವರಿಗೆ ಹೋಯಿತು. ರಾತ್ರಿ ಫೋನ್ ವೈಫೈಗೆ ಸಿಕ್ಕಿತು, ಬೆಳಗಿನ 14 ಅನ್ನು ಈಗ ಕಳಿಸಿತು. ಕೊನೆಗೆ ಬಂದದ್ದೇ ಸರಿ ಎಂದು ಸರ್ವರ್ ನಂಬಿತು. ಆದ್ದರಿಂದ ಸರ್ವರಿಗೆ ಯಾವಾಗ ಬಂತು ಎಂಬುದನ್ನು ನೋಡಬೇಡಿ, ಯಾವಾಗ ನೋಡಿದ್ದು ಎಂಬುದನ್ನು ನೋಡಿ. ಪ್ರತಿ ದಾಖಲೆಯ ಜೊತೆ ನೋಡಿದ ಸಮಯ ಕಳಿಸಿ, ಹೊಸದಾಗಿ ನೋಡಿದ್ದು ಗೆಲ್ಲಲಿ. ಫೋನಿನ ಗಡಿಯಾರ ತಪ್ಪಿರುವ ಮಕ್ಕಳೂ ಇರುತ್ತಾರೆ, ಕೆಲವರು ಆಟದಲ್ಲಿ ಲೈಫ್ ಗಿಟ್ಟಿಸಲು ದಿನಾಂಕ ಮುಂದಕ್ಕೆ ಹಾಕಿರುತ್ತಾರೆ. ಸರ್ವರಿನ ಗಡಿಯಾರಕ್ಕೂ ಫೋನಿನದಕ್ಕೂ ಎಷ್ಟು ವ್ಯತ್ಯಾಸ ಎಂದು ಲಾಗಿನ್ ಆಗುವಾಗ ಅಳೆದಿಟ್ಟುಕೊಂಡು ಸರಿಪಡಿಸಿ. ಎರಡು ಜಾಗಗಳ ನಡುವೆ ತುಂಬಾ ಅಂತರ ಇದ್ದರೆ ಕೇಳಿಬಿಡಿ: 'ಟ್ಯಾಬಿನಲ್ಲಿ 40ನೇ ನಿಮಿಷದವರೆಗೆ ನೋಡಿದ್ದೀರಿ, ಅಲ್ಲಿಂದ ಮುಂದುವರಿಸಲೇ?' ಆ್ಯಪ್ ಜಾಣತನ ತೋರಿಸುವುದಕ್ಕಿಂತ ಕೇಳುವುದು ಎಷ್ಟೋ ಸಲ ಮೇಲು.

ನಿಮ್ಮ ಪತ್ರದಲ್ಲಿ ಇನ್ನೊಂದು ಸಾಲಿತ್ತು, ಶೇಕಡಾ 90 ದಾಟಿದವರಿಗೆ ಸರ್ಟಿಫಿಕೇಟ್ ಕೊಡುತ್ತೀರಂತೆ, ಅದನ್ನೂ ಇದೇ ಪೊಸಿಶನ್‌ನಿಂದ ಲೆಕ್ಕ ಹಾಕುತ್ತೀರಂತೆ. ಅಯ್ಯೋ. ಗೆರೆಯನ್ನು ಬಲಕ್ಕೆ ಎಳೆದರೆ ಸರ್ಟಿಫಿಕೇಟ್! 'ಎಲ್ಲಿದ್ದಾರೆ' ಬೇರೆ, 'ಎಷ್ಟು ನೋಡಿದ್ದಾರೆ' ಬೇರೆ. ಎರಡನೆಯದಕ್ಕೆ ನೋಡಿದ ತುಣುಕುಗಳನ್ನು ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂದು ಬರೆದಿಡಿ, ಒಂದರ ಮೇಲೊಂದು ಬಿದ್ದದ್ದನ್ನು ಕೂಡಿಸಿ ಒಟ್ಟು ತೆಗೆಯಿರಿ. ಇದರಲ್ಲಿ ಯಾವುದು ಮುಂದೆ ಯಾವುದು ಹಿಂದೆ ಎಂಬ ಜಗಳವೇ ಇಲ್ಲ, ಎರಡು ಸಾಧನದ ತುಣುಕುಗಳನ್ನು ಸೇರಿಸಿದರೆ ಮುಗಿಯಿತು. ಬಹುಮಾನವೂ ಉಂಟು: ಮಕ್ಕಳು ಯಾವ ಭಾಗವನ್ನು ಮತ್ತೆ ಮತ್ತೆ ನೋಡಿದ್ದಾರೆ ಎಂಬುದು ಮೇಷ್ಟ್ರಿಗೆ ಗೊತ್ತಾಗುತ್ತದೆ. ಅಲ್ಲಿ ಪಾಠ ಅರ್ಥವಾಗಿಲ್ಲ ಎಂದೇ ಲೆಕ್ಕ.

ಸರ್ವರಿಗೆ ಐದು ಸೆಕೆಂಡಿಗೊಮ್ಮೆ ಕಳಿಸಬೇಡಿ. ಐದು ಸೆಕೆಂಡಿನ ಲೆಕ್ಕ ಫೋನಿನ ಡಿಸ್ಕಿಗೆ ಮಾತ್ರ. 50,000 ಮಂದಿ ಒಟ್ಟಿಗೆ ನೋಡುತ್ತಿದ್ದರೆ ಅದು ಸೆಕೆಂಡಿಗೆ 10,000 ಬರಹ. ಪಾಸ್ ಮಾಡಿದಾಗ, ಹೊರಗೆ ಹೋದಾಗ, ಇಲ್ಲವೇ ನಿಮಿಷಕ್ಕೊಮ್ಮೆ ಕಳಿಸಿದರೆ ಸಾಕು.

ಪ್ರಶ್ನೆ: ಮುಗಿದ ಸಿನಿಮಾ 'ಮುಂದುವರಿಸಿ' ಪಟ್ಟಿಯಲ್ಲೇ ಕೂತಿರುತ್ತದೆ. ಶೇಕಡಾ 95 ಆದರೆ ತೆಗೆದುಹಾಕಿ ಎಂದು ಹಾಕಿದ್ದೇವೆ. ಸರಿಯಾ?

ಮೂರು ಗಂಟೆ ಸಿನಿಮಾದಲ್ಲಿ ಶೇಕಡಾ 5 ಎಂದರೆ 9 ನಿಮಿಷ. ಕ್ಲೈಮ್ಯಾಕ್ಸ್ ಅಲ್ಲೇ ಇರಬಹುದು. ಕುಂದಾಪುರದ ಓದುಗರ ಎಂಟು ಗಂಟೆಯ ಆಟದಲ್ಲಿ ಅದು 24 ನಿಮಿಷ. ಬೆಳಗಿನ ಜಾವದ ಯುದ್ಧ, ವಧೆ, ಮಂಗಳ ಎಲ್ಲ ಅದರೊಳಗೆ, ಅಷ್ಟು ಹೊತ್ತು ಕಾದು ಕೂತವರಿಗೆ ಅದನ್ನೇ ತಪ್ಪಿಸಿದ ಪಾಪ ನಿಮಗೆ. ಪ್ರತಿ ವಿಡಿಯೊಗೂ ಕೊನೆಯ ಹೆಸರುಗಳ ಪಟ್ಟಿ (ಕ್ರೆಡಿಟ್ಸ್) ಎಲ್ಲಿ ಶುರು ಎಂದು ಗುರುತು ಹಾಕಿಡಿ. ಅದು ಇಲ್ಲದಿದ್ದರೆ ಶೇಕಡಾವಾರು ಬಿಟ್ಟು 'ಕೊನೆಗೆ ಎರಡು ನಿಮಿಷ ಉಳಿದಾಗ' ಎಂದು ಇಡಿ. ತೀರಾ ಶುರುವಿನಲ್ಲಿ, ಹತ್ತು ಹದಿನೈದು ಸೆಕೆಂಡು ನೋಡಿ ಬಿಟ್ಟದ್ದನ್ನು ಪಟ್ಟಿಗೆ ಸೇರಿಸಲೇಬೇಡಿ. ವಿಡಿಯೊದ ಉದ್ದ ಇನ್ನೂ ಗೊತ್ತಿಲ್ಲದಾಗ ಎಕ್ಸೋಪ್ಲೇಯರ್ ಒಂದು ಭಾರೀ ಋಣಸಂಖ್ಯೆ ಕೊಡುತ್ತದೆ. ಅದನ್ನು ಹಾಗೇ ಲೆಕ್ಕಕ್ಕೆ ಹಾಕಿದರೆ ಈಗಷ್ಟೇ ತೆರೆದ ಸಿನಿಮಾವೂ 'ಮುಗಿದಿದೆ' ಆಗುತ್ತದೆ.

ಪ್ರಶ್ನೆ: ಲೈವ್ ಪಂದ್ಯಕ್ಕೂ ಪೊಸಿಶನ್ ಉಳಿಸಬೇಕಾ?

ಬೇಡ. ಲೈವ್‌ನಲ್ಲಿ ಪೊಸಿಶನ್ ಎಂದರೆ ಜಾರುತ್ತಾ ಹೋಗುವ ಕಿಟಕಿಯ ಒಳಗಿನ ಅಳತೆ. ಹತ್ತು ನಿಮಿಷ ಬಿಟ್ಟು ಬಂದರೆ ಆ ಜಾಗವೇ ಇರುವುದಿಲ್ಲ, ಪ್ಲೇಯರ್ ಎರರ್ ಕೊಡುತ್ತದೆ. ಡೀಫಾಲ್ಟ್ ಪೊಸಿಶನ್‌ಗೆ ಸೀಕ್ ಮಾಡಿ, ಅಂದರೆ ಈಗಿನ ಕ್ಷಣಕ್ಕೆ. ಆಮೇಲೆ ಪೂರ್ಣ ರೆಕಾರ್ಡಿಂಗ್ ಹಾಕುವವರು ಮಾತ್ರ ಗಡಿಯಾರದ ಸಮಯವನ್ನು ಉಳಿಸಿಡಿ.

ಪ್ರಶ್ನೆ: ಮನೆಯಲ್ಲಿ ಎಲ್ಲರಿಗೂ ಒಂದೇ ಫೋನ್. ನಾನು ಏನು ನೋಡಿದೆ, ಎಲ್ಲಿಗೆ ನಿಲ್ಲಿಸಿದೆ ಎಂಬುದು ಅತ್ತೆಗೂ ಕಾಣುತ್ತದೆ. ಇದು ನನಗೆ ಮಾತ್ರ ಮುಜುಗರವಾ? (ಹೆಸರು ಬೇಡ ಎಂದಿದ್ದಾರೆ)

ನಿಮಗೆ ಮಾತ್ರ ಅಲ್ಲ. ಯಾರು ಏನು ನೋಡಿದರು ಎಂಬುದು ಖಾಸಗಿ ವಿಷಯ ಎಂದು ಅಮೆರಿಕದಲ್ಲಿ ಕಾನೂನೇ ಆಗಿದೆ. 1987ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೆಸರು ಬಂದಿದ್ದ ರಾಬರ್ಟ್ ಬೋರ್ಕ್ ಬಾಡಿಗೆಗೆ ತಂದಿದ್ದ ಕ್ಯಾಸೆಟ್‌ಗಳ ಪಟ್ಟಿಯನ್ನು ವಾಷಿಂಗ್ಟನ್ನಿನ ಒಂದು ವಾರಪತ್ರಿಕೆ ಅಚ್ಚು ಹಾಕಿತು. ಪಟ್ಟಿಯಲ್ಲಿ ಗುಟ್ಟೇನೂ ಇರಲಿಲ್ಲ, ಆದರೂ ಎಲ್ಲ ಪಕ್ಷದವರಿಗೂ ದಿಗಿಲಾಗಿ 1988ರಲ್ಲಿ ಕಾನೂನು ಬಂತು.

ಆ್ಯಪ್‌ನಲ್ಲಿ ಪ್ರೊಫೈಲ್ ಇದ್ದರೆ ನಿಮ್ಮದೊಂದು ಬೇರೆ ಮಾಡಿ, ಪಿನ್ ಹಾಕಿ. ಇಲ್ಲದಿದ್ದರೆ ಹಿಸ್ಟರಿಯಿಂದ ಆ ಒಂದು ವಿಡಿಯೊ ತೆಗೆಯಿರಿ. ಪೂರ್ತಿ ಆಫ್ ಮಾಡಿದರೆ ಬೇರೆ ವಿಡಿಯೊಗಳ ಜಾಗವೂ ಹೋಗುತ್ತದೆ. ಆ್ಯಪ್ ಬರೆಯುವವರಿಗೆ: ಕೀ ಎಂದರೆ ವಿಡಿಯೊ ಐಡಿ ಒಂದೇ ಸಾಲದು, ಪ್ರೊಫೈಲ್ ಐಡಿಯೂ ಸೇರಲಿ. ಲಾಗೌಟ್ ಮಾಡಿದಾಗ ಫೋನಿನಲ್ಲಿರುವ ನಕಲನ್ನು ಅಳಿಸಿ. ಒಂದೊಂದಾಗಿ ತೆಗೆದುಹಾಕುವ ಬಟನ್ ಕೊಡಿ, ಆರು ಮೆನುಗಳ ಒಳಗೆ ಬಚ್ಚಿಡಬೇಡಿ.

ಪ್ರಶ್ನೆ: ಇದೆಲ್ಲ ಮಾಡಿದೆವು. ಪ್ರೊಸೆಸ್ ಸತ್ತಾಗ ಸರಿ ಬರುತ್ತದಾ ಎಂದು ಪರೀಕ್ಷಿಸುವುದು ಹೇಗೆ? ಬೇಕೆಂದಾಗ ಅದು ಸಾಯುವುದಿಲ್ಲವಲ್ಲ. (ಮತ್ತೆ ಬೆಳಗಾವಿಯವರೇ)

ಸೆಟ್ಟಿಂಗ್ಸಿನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ತಟ್ಟಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ 'ಡೋಂಟ್ ಕೀಪ್ ಆ್ಯಕ್ಟಿವಿಟೀಸ್' ಆನ್ ಮಾಡಿದರೆ ಹೊರಗೆ ಹೋದ ತಕ್ಷಣ ಸ್ಕ್ರೀನ್ ನಾಶವಾಗುತ್ತದೆ. ಆದರೆ ಪ್ರೊಸೆಸ್ ಬದುಕಿರುತ್ತದೆ, ಸ್ಟ್ಯಾಟಿಕ್ ವೇರಿಯಬಲ್‌ಗಳೂ ಬದುಕಿರುತ್ತವೆ, ಅದಕ್ಕೇ ಇದನ್ನು ಪಾಸಾದ ಆ್ಯಪ್ ನಿಜದಲ್ಲಿ ಫೇಲ್ ಆಗಬಹುದು. ನಿಜವಾದ ಪರೀಕ್ಷೆಗೆ ಹೋಮ್ ಬಟನ್ ಒತ್ತಿ ಆ್ಯಪ್ ಅನ್ನು ಹಿನ್ನೆಲೆಗೆ ಕಳಿಸಿ, ಕಂಪ್ಯೂಟರಿನಿಂದ ಎಡಿಬಿ (ಫೋನಿಗೆ ಕಮಾಂಡ್ ಕಳಿಸುವ ಸಾಧನ) ಶೆಲ್‌ನಲ್ಲಿ ಎಎಂ ಕಿಲ್ ಕಮಾಂಡ್ ಕೊಟ್ಟು ಮುಂದೆ ನಿಮ್ಮ ಪ್ಯಾಕೇಜ್ ಹೆಸರು ಬರೆಯಿರಿ. ಆಮೇಲೆ ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ವಾಪಸ್ ಬನ್ನಿ. ಫೋರ್ಸ್ ಸ್ಟಾಪ್ ಬಳಸಬೇಡಿ, ಅದು ಸೇವ್ಡ್ ಸ್ಟೇಟನ್ನೂ ಒರೆಸುತ್ತದೆ, ನೀವು ಬೇರೆಯದೇ ಸಾವನ್ನು ಪರೀಕ್ಷಿಸಿದಂತಾಗುತ್ತದೆ. ಅದನ್ನೂ ಪರೀಕ್ಷಿಸಬೇಕು, ಆದರೆ ಬೇರೆಯಾಗಿ. ಪ್ರಾಜೆಕ್ಟ್ ಡೆಮೊ ದಿನ ಪರೀಕ್ಷಕರು ಫೋನ್ ಕೈಗೆ ತೆಗೆದುಕೊಂಡು ಮೊದಲು ಮಾಡುವುದು ತಿರುಗಿಸಿ ನೋಡುವುದನ್ನೇ, ಅದಕ್ಕಂತೂ ನೀವು ರೆಡಿ ಇದ್ದೀರಿ.